ಮೂರನೇ ಗುಡ್ಡೆಯ ಮಣ್ಣು

ಜೂನ್ 3, ಮಂಗಳವಾರ

ಆಫೀಸಿಗೆ ದಿನವೂ ಕಳೆಯ ವರದಿ ಕೊಡುತ್ತೇನೆ. ಯಾವ ಮೂಲೆಯಲ್ಲಿ ಏನು ಬೆಳೆದಿತ್ತು, ಏನು ಕಿತ್ತೆವು, ಎಲ್ಲಿ ಔಷಧಿ ಹೊಡೆದೆವು, ಅಷ್ಟೇ. ನನ್ನ ಹೊಟ್ಟೆಯಲ್ಲಿ ಏನು ಉರಿಯುತ್ತಿದೆ ಎಂದು ಬರೆಯಲು ಅದರಲ್ಲಿ ಜಾಗವಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ, ನನಗೊಬ್ಬನಿಗೇ.

ಇವತ್ತು ಷಡ್ಡಕ ಸೈಟಿನ ಕೆಲಸಕ್ಕೆ ಸೇರಿದ. ನನ್ನ ಹೆಂಡತಿಯ ತಂಗಿಯ ಗಂಡ. ನಾವು ಕಟ್ಟುತ್ತಿರುವ ವಸತಿ ಕಟ್ಟಡಗಳ ಸುತ್ತ ಹುಲ್ಲುಹಾಸು, ಹೂಗಿಡ ಮಾಡಿಕೊಡುವ ಕೆಲಸ. ಸೇರಿಸಿದವರು ಯಾರು? ನಾನೇ. "ನನ್ನ ತಂಗಿ ಮನೇಲಿ ತುಂಬ ಕಷ್ಟ ರೀ, ಮ್ಯಾನೇಜರ್‌ಗೆ ಒಂದ್ ಮಾತು ಹೇಳಿ" ಎಂದು ಇವಳು ತಲೆ ತಿಂದಿದ್ದೇ ತಿಂದಿದ್ದು. ಹೇಳಿದೆ. ಕೆಲಸ ಸಿಕ್ಕಿತು.

ಮಧ್ಯಾಹ್ನ ಮ್ಯಾನೇಜರ್ ಎಲ್ಲರನ್ನೂ ಸೇರಿಸಿ ಅವನ ಹೆಗಲ ಮೇಲೆ ಕೈ ಹಾಕಿ, "ಇನ್ಮೇಲೆ ಈ ಜಾಗಕ್ಕೊಂದು ಕಳೆ ಬರುತ್ತೆ" ಎಂದರು. ಎಲ್ಲರೂ ನನ್ನ ಮುಖ ನೋಡಿ ನಕ್ಕರು. ಇಷ್ಟು ವರ್ಷ ಇದೇ ಜಾಗದಲ್ಲಿ ಕಳೆ ತೆಗೆದವನು ನಾನು. ನನ್ನ ಹೆಗಲ ಮೇಲೆ ಇದುವರೆಗೆ ಕೂತದ್ದು ಔಷಧಿಯ ಡಬ್ಬ ಮಾತ್ರ.

ನಾನೂ ನಕ್ಕೆ. ನಗದಿದ್ದರೆ ಏನೆಂದುಕೊಂಡಾರು.

ಜೂನ್ 8, ಭಾನುವಾರ

ಅತ್ತೆಯ ಮನೆಗೆ ಊಟಕ್ಕೆ ಹೋಗಿದ್ದೆವು. ಅಕ್ಕತಂಗಿಯರು ಅಡುಗೆಮನೆಯಲ್ಲಿ, ಅಳಿಯಂದಿರಿಬ್ಬರೂ ನಡುಮನೆಯಲ್ಲಿ, ಅತ್ತೆ ಎರಡಕ್ಕೂ ಕೇಳುವಂತೆ ಬಾಗಿಲಲ್ಲಿ.

"ಚಿಕ್ಕಳಿಯಂದಿರ ಕೈಗುಣ ಚೆನ್ನಾಗಿದೆ. ಒಣಗಿದ ಕಡ್ಡಿ ನೆಟ್ರೂ ಚಿಗುರುತ್ತೆ" ಎಂದರು ಅತ್ತೆ. ಆಮೇಲೆ ನನ್ನ ಕಡೆ ತಿರುಗಿ, ನನ್ನನ್ನು ಬಿಟ್ಟುಬಿಟ್ಟರೆ ಚೆನ್ನಾಗಿರುವುದಿಲ್ಲ ಎಂದೋ ಏನೋ, "ದೊಡ್ಡಳಿಯಂದಿರು ಕೀಳೋದ್ರಲ್ಲಿ ಎತ್ತಿದ ಕೈ" ಎಂದರು.

ಷಡ್ಡಕ ಮಾತ್ರ ನಗಲಿಲ್ಲ. "ಅಣ್ಣ ಕೀಳದಿದ್ರೆ ನಾನು ನೆಡೋದು ಎಲ್ಲಿ ಅತ್ತೆ?" ಎಂದ. ನನಗೆ ಅದು ಇನ್ನೂ ಕೆಟ್ಟದೆನಿಸಿತು. ನನ್ನ ಪರವಾಗಿ ಮಾತಾಡಲು ಇವನನ್ನು ಯಾರು ನೇಮಿಸಿದರು? ಅತ್ತೆ ಎರಡನೇ ಸಲ ಬಡಿಸಲು ಬಂದಾಗ ಮೊದಲು ಅವನ ತಟ್ಟೆಗೆ ಬಗ್ಗಿದರು. ಇದನ್ನೆಲ್ಲ ಗಮನಿಸುವ ಮನುಷ್ಯ ನಾನಲ್ಲ. ಆದರೂ ಕಣ್ಣಿಗೆ ಬಿತ್ತು.

ಜೂನ್ 12, ಗುರುವಾರ

ಇವತ್ತು ದೊಡ್ಡ ಸುದ್ದಿ. ಕಟ್ಟಡಗಳನ್ನು ಮಾಲೀಕರಿಗೆ ಒಪ್ಪಿಸಿದ ಮೇಲೆ ನಮ್ಮ ತಂಡದವರೆಲ್ಲ ಬೇರೆ ಕೆಲಸ ಹುಡುಕಿಕೊಳ್ಳಬೇಕು. ಒಬ್ಬನನ್ನು ಮಾತ್ರ ಆವರಣ ನೋಡಿಕೊಳ್ಳಲು ಕಾಯಂ ಆಗಿ ಇಟ್ಟುಕೊಳ್ಳುತ್ತಾರಂತೆ. ಅವನಿಗೆ ಗೇಟಿನ ಪಕ್ಕದ ಎರಡು ಕೋಣೆಯ ಮನೆ. ನೆಲಮಟ್ಟದ ಮನೆ, ಒಳಗೇ ನಲ್ಲಿ.

ಮನೆಗೆ ಬಂದು ಹೇಳಿದಾಗ ಇವಳು ಕೈಯಲ್ಲಿದ್ದ ಸೌಟು ಹಾಗೇ ಹಿಡಿದುಕೊಂಡು ನಿಂತುಬಿಟ್ಟಳು. ನಾವಿರುವುದು ಮೂರನೇ ಮಹಡಿಯ ಒಂದು ಕೋಣೆ. ನಲ್ಲಿ ಕೆಳಗೆ. ಇವಳ ಮೊಣಕಾಲು ಕೆಟ್ಟು ವರ್ಷಗಳಾದವು. ಬಿಂದಿಗೆ ಹಿಡಿದು ಮೆಟ್ಟಿಲು ಹತ್ತುವಾಗ ಪ್ರತಿ ಮಹಡಿಯಲ್ಲೂ ಗೋಡೆಗೆ ಒರಗಿ ನಿಲ್ಲುತ್ತಾಳೆ. ನಿಂತದ್ದು ಕೇಳಿಸಿದರೆ ನಾನು ಒಳಗಿಂದಲೇ "ಬಂದ್ಯಾ?" ಎನ್ನುತ್ತೇನೆ.

"ನಿಮ್ಗೇ ಕೊಡ್ತಾರೆ ಅಲ್ವಾ ರೀ? ಇನ್ಯಾರಿದ್ದಾರೆ?" ಎಂದಳು.

ಇನ್ಯಾರಿದ್ದಾರೆ ಎಂದು ನಾನು ಹೇಳಲಿಲ್ಲ. ಅವಳಿಗೂ ಗೊತ್ತು. ಗೊತ್ತಿದ್ದೇ ಕೇಳಿದಳು.

ಜೂನ್ 19, ಗುರುವಾರ

ನನ್ನ ತಂಡದಲ್ಲಿ ಒಬ್ಬಳಿದ್ದಾಳೆ, ನಾವೆಲ್ಲ ಗೊಣಗಮ್ಮ ಎನ್ನುವುದು. ಬಿಸಿಲಿದ್ದರೆ ಬಿಸಿಲೆಂದು, ಮೋಡವಿದ್ದರೆ ಮೋಡವೆಂದು ಗೊಣಗುತ್ತಾಳೆ. ನನ್ನ ಎದುರು ಅವಳು ನಕ್ಕದ್ದನ್ನು ನಾನು ನೋಡಿಲ್ಲ.

ಇವತ್ತು ನೋಡಿದೆ. ಊಟದ ಹೊತ್ತಿನಲ್ಲಿ ಷಡ್ಡಕನ ಜೊತೆ ಕೂತು ಹೂವಿನ ಸಸಿಗಳ ಬುಡಕ್ಕೆ ಮಣ್ಣು ಒತ್ತುತ್ತ ಹಲ್ಲು ಬಿಟ್ಟು ನಗುತ್ತಿದ್ದಳು. ನಾನು ಹೋದ ಕೂಡಲೇ ನಗು ನಿಂತಿತು. "ಊಟದ ಹೊತ್ತು ಮುಗೀತು" ಎಂದೆ. ಇನ್ನೂ ಮುಗಿದಿರಲಿಲ್ಲ.

ನಾವು ಎಷ್ಟು ಚೆನ್ನಾಗಿ ಕೆಲಸ ಮಾಡಿದರೆ ಅಷ್ಟು ಖಾಲಿ ಕಾಣುತ್ತದೆ ನಮ್ಮ ಜಾಗ. ಖಾಲಿ ಜಾಗದ ಮುಂದೆ ನಿಂತು ಆಹಾ ಎನ್ನುವವರು ಯಾರು? ಅವನು ನಾಲ್ಕು ಹೂಗಿಡ ನೆಟ್ಟರೆ ಸಾಕು, ಸಿಮೆಂಟ್ ಲಾರಿಯ ಚಾಲಕನೂ ಇಳಿದು ನೋಡುತ್ತಾನೆ. ಹೊಟ್ಟೆಕಿಚ್ಚಲ್ಲ, ಇದ್ದದ್ದನ್ನು ಬರೆದೆ.

ಜೂನ್ 23, ಸೋಮವಾರ

ನಿನ್ನೆಯ ಗಾಳಿಮಳೆಗೆ ಹಿಂದಿನ ಬೇಲಿ ಒರಗಿದೆ, ತಗಡಿನ ಶೆಡ್ಡು ಅರ್ಧ ಹಾರಿದೆ. ನಾಲ್ಕೂ ಮಣ್ಣಿನ ಗುಡ್ಡೆ ನೋಡಿಕೊಂಡು ಬಂದೆ. ಕಟ್ಟಡದ ಕೆಲಸ ಶುರು ಮಾಡುವ ಮೊದಲು ನೆಲದ ಮೇಲಿನ ಒಳ್ಳೆ ಮಣ್ಣನ್ನು ಕೆರೆದು ಗುಡ್ಡೆ ಹಾಕುತ್ತೇವೆ. ಕೊನೆಗೆ ತೋಟ ಮಾಡಲು ಅದೇ ಮಣ್ಣು. ಅಲ್ಲಿಯವರೆಗೆ ಗುಡ್ಡೆಗಳ ಮೇಲೆ ಕಳೆ ಹತ್ತದಂತೆ ಕಾಯುವುದು ನನ್ನ ಕೆಲಸ.

ಮೂರನೇ ಗುಡ್ಡೆಯಲ್ಲಿ ಜೇಕು ಇದೆ. ಮೇಲೆ ನೋಡಲು ಬಡಪಾಯಿ ಹುಲ್ಲು, ಕೆಳಗೆ ಕಡಲೆಗಾತ್ರದ ಗಡ್ಡೆಗಳ ಸರಪಳಿ. ಎಲೆ ಕಿತ್ತರೆ ಗಡ್ಡೆಗಳು ಎದ್ದು ಕೂರುತ್ತವೆ, ಒಂದಿದ್ದದ್ದು ಹತ್ತಾಗುತ್ತದೆ. ಹೊರಗಿನವರು ನೋಡಲು ಬರುತ್ತಾರೆ, ಚೊಕ್ಕವಾಗಿ ಕಾಣಬೇಕು ಎಂದು ಮ್ಯಾನೇಜರ್ ಹೇಳಿದ್ದರಿಂದ ಹೋದ ವಾರವಷ್ಟೇ ಅದರ ಮೇಲೆ ಔಷಧಿ ಹೊಡೆಸಿದ್ದೆ. ಎಲೆಯೆಲ್ಲ ಸುಟ್ಟುಹೋಗಿ ಈಗ ನಾಲ್ಕರಲ್ಲಿ ಅದೇ ಎಲ್ಲಕ್ಕಿಂತ ಚೊಕ್ಕಟ. ಗಡ್ಡೆಗಳಿಗೆ ಏನೂ ಆಗಿಲ್ಲ.

ಕೆಟ್ಟ ಗುಡ್ಡೆಗೆ ಕೆಂಪು ಬಟ್ಟೆ ಕಟ್ಟಿದ ಕೋಲು ನೆಡುವುದು ನಮ್ಮಲ್ಲಿನ ಪದ್ಧತಿ. ಕೋಲಿದ್ದರೆ ಆ ಮಣ್ಣನ್ನು ಯಾರೂ ಮುಟ್ಟುವುದಿಲ್ಲ. ಕೋಲು ಗಾಳಿಗೆ ಬಿದ್ದು ಚರಂಡಿಯಲ್ಲಿ ತೇಲುತ್ತಿತ್ತು.

ಬೇಲಿಯ ಕೆಲಸವೇ ರಾಶಿ ಇತ್ತು. ನಾಳೆ ನೆಟ್ಟರಾಯಿತು ಎಂದುಕೊಂಡೆ.

ಜೂನ್ 24, ಮಂಗಳವಾರ

ಇವತ್ತೂ ಆಗಲಿಲ್ಲ.

ಜೂನ್ 26, ಗುರುವಾರ

ಬೆಳಿಗ್ಗೆ ಹೋದಾಗ ಷಡ್ಡಕನ ಆಳುಗಳು ಮೂರನೇ ಗುಡ್ಡೆಯಿಂದ ಮಣ್ಣು ತುಂಬುತ್ತಿದ್ದರು. ಮುಖ್ಯ ಕಟ್ಟಡದ ಮುಂದಿನ ದೊಡ್ಡ ಹುಲ್ಲುಹಾಸಿಗೆ.

ಅವನು ನನ್ನನ್ನು ನೋಡಿ ಕೈಗಾಡಿ ನಿಲ್ಲಿಸಿದ. "ಅಣ್ಣ, ಈ ಗುಡ್ಡೇನ ಎಷ್ಟು ಚೆನ್ನಾಗಿ ಇಟ್ಟಿದ್ದೀರಿ! ಒಂದು ಎಸಳು ಹುಲ್ಲಿಲ್ಲ. ಇಂಥ ಮಣ್ಣು ನಾನು ಎಲ್ಲೂ ನೋಡಿಲ್ಲ" ಎಂದ.

ಈ ಸೈಟಿನಲ್ಲಿ ನನ್ನ ಕೆಲಸವನ್ನು ಒಬ್ಬರು ಹೊಗಳಿದ್ದು ಇದೇ ಮೊದಲು.

"ಹ್ಞೂಂ" ಎಂದೆ. ಸುಳ್ಳು ಹೇಳಲಿಲ್ಲ. ಅವನು ಏನೂ ಕೇಳಲೂ ಇಲ್ಲ.

ಜುಲೈ 2, ಬುಧವಾರ

ಹುಲ್ಲುಹಾಸು ಹಾಕಿ ಮುಗಿಸಿದರು. ಚಾಪೆ ಸುತ್ತಿದಂತೆ ಸುರುಳಿಯಾಗಿ ಬಂದಿತ್ತು, ಬಿಡಿಸುತ್ತ ಹೋದರು. ಸಂಜೆಯೊಳಗೆ ನೆಲವೆಲ್ಲ ಹಸಿರು. ಮ್ಯಾನೇಜರ್ ಬೂಟು ಕಳಚಿ ಅದರ ಮೇಲೆ ನಡೆದರು. ಮಾಲೀಕರ ಕಡೆಯವರು ಫೋಟೋ ತೆಗೆದರು. ಫೋಟೋದಲ್ಲಿ ನಾನೂ ಇದ್ದೇನೆ, ಅಂಚಿನಲ್ಲಿ, ಕೈಯಲ್ಲಿ ಕುಡುಗೋಲು.

ಗೇಟಿನ ಪಕ್ಕದ ಮನೆಗೆ ಸುಣ್ಣ ಬಳಿಯುತ್ತಿದ್ದಾರೆ.

ಜುಲೈ 5, ಶನಿವಾರ

ಏನೂ ಮೊಳೆತಿಲ್ಲ. ಮೊಳೆಯುತ್ತದೆ.

ಜುಲೈ 9, ಬುಧವಾರ

ಮೊಳೆತಿದೆ.

ದಿನಾ ಎಲ್ಲರಿಗಿಂತ ಮೊದಲು ಹೋಗಿ ನೋಡುತ್ತಿದ್ದೆ. ಇವತ್ತು ಹುಲ್ಲುಹಾಸಿನ ಒಂದು ತುದಿಯ ಕಾರಂಜಿಯ ಪಕ್ಕದಲ್ಲಿ ಸೂಜಿಯಂತೆ ಎದ್ದು ನಿಂತಿದ್ದವು, ಸುತ್ತಲಿನ ಹುಲ್ಲಿಗಿಂತ ಒಂದು ಬೆರಳು ಎತ್ತರ. ಹೊಟ್ಟೆಗೆ ಹಾಲು ಹುಯ್ದಂತಾಗುತ್ತದೆ ಎಂದುಕೊಂಡಿದ್ದೆ. ಹಾಗೆ ಆಯಿತು ಕೂಡ. ಮಧ್ಯಾಹ್ನದ ಊಟ ಮಾತ್ರ ಸೇರಲಿಲ್ಲ, ಬಿಸಿಲು ಜಾಸ್ತಿ ಇತ್ತು.

ಷಡ್ಡಕ ಮಂಡಿಯೂರಿ ಒಂದೊಂದೇ ಎಲೆ ಕೀಳುತ್ತಿದ್ದ. ನಾನು ದಾಟಿಕೊಂಡು ಹೋದೆ. ತಿರುಗಿ ಬಂದೆ. ಜೇಕನ್ನು ಹಾಗೆ ಕೀಳುವುದನ್ನು ನೋಡಿಕೊಂಡು ಸುಮ್ಮನಿರಲು ನನ್ನಿಂದಾಗಲಿಲ್ಲ.

"ಎಲೆ ಕಿತ್ರೆ ಜಾಸ್ತಿ ಆಗುತ್ತೆ. ಸುತ್ತ ಅಗೆದು ಗಡ್ಡೆ ಸಮೇತ ತೆಗೀಬೇಕು" ಎಂದೆ.

"ಹೌದಾ ಅಣ್ಣ! ನಿಮ್ಮನ್ನ ಮೊದ್ಲೇ ಕೇಳ್ಬೇಕಿತ್ತು" ಎಂದ. ಬೆವರಲ್ಲಿ ಮುಖವೆಲ್ಲ ಮಣ್ಣು. ನನಗೆ ಸಿಟ್ಟು ಬಂತು, ಯಾಕೆಂದು ಗೊತ್ತಿಲ್ಲ.

ಜುಲೈ 12, ಶನಿವಾರ

ಇವತ್ತಿನದನ್ನು ಸರಿಯಾಗಿ ಬರೆದಿಡಬೇಕು.

ಹುಲ್ಲುಹಾಸಿನ ತುಂಬ ಜೇಕು. ಅಗೆದಲ್ಲೆಲ್ಲ ಗುಂಡಿ, ಅಗೆಯದಲ್ಲೆಲ್ಲ ಸೂಜಿ. ಮ್ಯಾನೇಜರ್ ನಮ್ಮಿಬ್ಬರನ್ನೂ ಅಲ್ಲೇ ಕರೆಸಿದರು. ಸುತ್ತ ನನ್ನ ತಂಡದ ಹೆಂಗಸರು, ಅವನ ಆಳುಗಳು.

"ಇದು ಯಾವ ಮಣ್ಣು?" ಎಂದರು ನನ್ನನ್ನು.

"ಮೂರನೇ ಗುಡ್ಡೇದು."

"ಅದನ್ನ ಮುಟ್ಟಬಾರ್ದು ಅಂತ ಇವನಿಗೆ ಹೇಳಿರ್ಲಿಲ್ವಾ?"

ಏನು ಹೇಳಬೇಕೆಂದು ಮೊದಲೇ ಯೋಚಿಸಿಟ್ಟಿದ್ದೆ, ಕೋಲಿನ ಮಾತು, ಗಾಳಿಯ ಮಾತು. ಒಂದೂ ಹೊರಡಲಿಲ್ಲ. ಅಷ್ಟರಲ್ಲಿ ಷಡ್ಡಕ ಬಾಯಿ ಹಾಕಿದ.

"ಅಣ್ಣ ಹೇಳಿದ್ರು ಸರ್. ನಾನೇ ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ."

ಮ್ಯಾನೇಜರ್ ಅವನಿಗೆ ಬೈದದ್ದನ್ನು ಬರೆಯುವುದಿಲ್ಲ. ಆಳುಗಳೆದುರು ಬೈದರು. ತಿಂಗಳ ಕೊನೆಗೆ ಜಾಗ ಖಾಲಿ ಮಾಡು ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀನೇ ಇರಪ್ಪ. ಮನೆ ಬೀಗದ ಕೈ ಸೋಮವಾರದ ಮೇಲೆ ಕೊಡ್ತೀನಿ" ಎಂದು ನನ್ನ ಹೆಗಲ ಮೇಲೆ ಕೈ ಹಾಕಿದರು.

ಗೆದ್ದೆ.

ಜುಲೈ 13, ಭಾನುವಾರ

ಇವಳು ಬೆಳಿಗ್ಗೆಯಿಂದ ಪಾತ್ರೆ ಪಗಡ ಗಂಟು ಕಟ್ಟುತ್ತಿದ್ದಾಳೆ. ನಡುನಡುವೆ ಹಾಡು ಬೇರೆ. ಈ ಮನೆಯಲ್ಲಿ ಅವಳು ಹಾಡಿದ್ದನ್ನು ಕೇಳಿ ಎಷ್ಟು ಕಾಲವಾಯಿತೋ.

ಮಧ್ಯಾಹ್ನ ನಾದಿನಿ ಬಂದಳು. ಅಕ್ಕನ ಜೊತೆ ಜಗಳಕ್ಕೇ ಬಂದಿದ್ದಾಳೆ ಎಂದುಕೊಂಡು ನಾನು ಪೇಪರಿನ ಹಿಂದೆ ಅಡಗಿದೆ. ಅವಳ ಕಣ್ಣು ಊದಿಕೊಂಡಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಗಾಜಿನ ಲೋಟಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತಿಟ್ಟಳು. ಹೋಗುವಾಗ "ಅಕ್ಕನ ಕಾಲಿಗೆ ಒಳ್ಳೇದಾಯ್ತು ಭಾವ" ಎಂದಳು.

ಈ ಮನೆತನದಲ್ಲಿ ಹುಟ್ಟಿದವರಿಗೂ ಸೇರಿದವರಿಗೂ ಹೊಟ್ಟೆಯೇ ಇಲ್ಲವೇ? ಉರಿಯುವುದಕ್ಕಾದರೂ ಒಂದು ಹೊಟ್ಟೆ ಬೇಡವೇ? ನನಗೊಬ್ಬನಿಗೇ ಏಕೆ ಇಷ್ಟು ದೊಡ್ಡದಿದೆ?

ಜುಲೈ 14, ಸೋಮವಾರ

ಸುಮ್ಮನಿರಲಾಗಲಿಲ್ಲ. ನೀರಿನ ತೊಟ್ಟಿಯ ಬಳಿ ಅವನೊಬ್ಬನೇ ಇದ್ದಾಗ ಹೋಗಿ ಕೇಳಿದೆ.

"ನಾನು ಹೇಳಿದ್ದೆ ಅಂತ ಯಾಕೆ ಅಂದೆ?"

ಅವನು ಗುದ್ದಲಿ ತೊಳೆಯುತ್ತಿದ್ದ. "ಹೇಳಿರ್ತೀರಿ ಬಿಡಿ ಅಣ್ಣ. ಕೆಲ್ಸದ ಮೇಲಿದ್ರೆ ನಂಗೆ ಕಿವೀನೇ ಕೇಳಲ್ಲ ಅಂತ ಇವ್ಳೂ ಬೈತಾಳೆ. ಇಂಥ ವಿಷ್ಯ ಗೊತ್ತಿದ್ದು ನೀವು ಹೇಳ್ದೇ ಇರ್ತೀರಾ?"

ನನ್ನನ್ನು ಕಾಪಾಡಲು ಸುಳ್ಳು ಹೇಳಿದ್ದಾನೆ, ಮುಂದೆ ಎಂದಾದರೂ ಅದನ್ನು ಎತ್ತಿ ಆಡುತ್ತಾನೆ ಎಂದು ಎಣಿಸಿ ಎರಡು ದಿನದಿಂದ ಅವನ ಮೇಲೆ ಹಲ್ಲು ಮಸೆಯುತ್ತಿದ್ದೆ. ಹಾಗಾಗಿದ್ದರೆ ಚೆನ್ನಾಗಿತ್ತು. ಇವನು ನಿಜವಾಗಿಯೂ ನಂಬಿದ್ದಾನೆ. ಕೆಲಸ ಹೋದರೂ, ಹೆಂಡತಿ ಅತ್ತರೂ, ತನ್ನ ಕಿವಿಯನ್ನೇ ಬೈದುಕೊಂಡು ಗುದ್ದಲಿ ತೊಳೆಯುತ್ತಿದ್ದಾನೆ.

ಇಂಥವನಿಗೆ ನಿದ್ದೆ ಎಷ್ಟು ಚೆನ್ನಾಗಿ ಬರುತ್ತಿರಬೇಕು! ಮನೆ ಹೋಗಲಿ, ಹೊಗಳಿಕೆ ಹೋಗಲಿ. ಪಕ್ಕದವನ ತಟ್ಟೆ ನೋಡದೆ ಉಣ್ಣುತ್ತಾನಲ್ಲ, ಆ ಸುಖಕ್ಕೆ ನನ್ನ ಹೊಟ್ಟೆ ಉರಿದಷ್ಟು ಬೇರೆ ಯಾವುದಕ್ಕೂ ಉರಿದಿಲ್ಲ.

ಜುಲೈ 15, ಮಂಗಳವಾರ

ಇದರಲ್ಲೂ ಅವನೇ ಮುಂದೆ ಹೋಗಬಾರದು. ಬೆಳಿಗ್ಗೆ ಎದ್ದಾಗ ತಲೆಯಲ್ಲಿದ್ದದ್ದು ಅದೊಂದೇ. ಎಲ್ಲದರಲ್ಲೂ ಅವನು ಒಳ್ಳೆಯವನಾಗಿ ನಾನು ಅವನ ಕೆಳಗೆ ಬೀಳುವುದೆಂದರೆ ಏನು?

ಆಫೀಸಿಗೆ ಹೋದೆ. ಮ್ಯಾನೇಜರ್ ಬೀಗದ ಕೈಯನ್ನು ಮೇಜಿನ ಮೇಲೆ ಇಟ್ಟುಕೊಂಡೇ ಕೂತಿದ್ದರು.

"ಅವನಿಗೆ ನಾನು ಹೇಳಿರ್ಲಿಲ್ಲ" ಎಂದೆ.

"ಏನು?"

"ಗುಡ್ಡೆ ವಿಷ್ಯ. ಕೋಲು ಬಿದ್ದಿದ್ದು ನೋಡಿದ್ದೆ. ನೆಡ್ಲಿಲ್ಲ. ಅವನು ಮಣ್ಣು ತುಂಬಿಸೋವಾಗ ಪಕ್ಕದಲ್ಲೇ ನಿಂತಿದ್ದೆ. ಹೇಳ್ಲಿಲ್ಲ."

"ಮತ್ತೆ ಅವನು ಹೇಳಿದ್ರು ಅಂದ್ನಲ್ಲ?"

"ಅವನು ಹಾಗೇ. ಅವನ ಮಾತು ಕಟ್ಕೋಬೇಡಿ."

"ಸ್ವಂತ ಷಡ್ಡಕ ಅಲ್ವೇನಯ್ಯ?" ಎಂದರು ಮ್ಯಾನೇಜರ್. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ಬೀಗದ ಕೈ ತೆಗೆದು ಡ್ರಾಯರಿಗೆ ಹಾಕಿದರು. ಅವನೇ ಇರುತ್ತಾನೆ, ಮನೆಯೂ ಅವನಿಗೇ ಎಂದರು. ನಾನು ಆ ಹುಲ್ಲುಹಾಸು ಶುದ್ಧವಾಗುವವರೆಗೆ ಇದ್ದು ಆಮೇಲೆ ಹೊರಡಬೇಕು.

ಹೊರಗೆ ಬಂದಾಗ ಗೊಣಗಮ್ಮ ಬಾಗಿಲಲ್ಲೇ ಇದ್ದಳು. ಇಷ್ಟು ಹೊತ್ತಿಗೆ ಇಡೀ ಸೈಟಿಗೆ ಗೊತ್ತಾಗಿರುತ್ತದೆ.

ಜುಲೈ 16, ಬುಧವಾರ

ಇವಳಿಗೆ ಹೇಳಿದೆ. ಎಲ್ಲವನ್ನೂ. ಕೇಳಿಸಿಕೊಂಡು, ಕಟ್ಟಿದ ಗಂಟುಗಳನ್ನು ನೋಡುತ್ತ ಕೂತಳು.

"ನನ್ ತಂಗಿ ಅನ್ನ ಕಿತ್ಕೊಂಡು ನನ್ನನ್ನ ಆ ಮನೇಲಿ ಇಡ್ತಿದ್ರಾ?" ಎಂದಳು. ಒಂದು ಗಂಟಿನ ಮೇಲೆ ಕೈಯಿಟ್ಟು, "ಇಟ್ಟಿದ್ರೆ ಇರ್ತಿದ್ದೆನಲ್ಲ. ಹಾಡ್ಕೊಂಡು ಇರ್ತಿದ್ದೆ" ಎಂದು ಅತ್ತಳು.

ಗಂಟುಗಳನ್ನು ಅವಳು ಬಿಚ್ಚಲಿಲ್ಲ. ನಾನೇ ಬಿಚ್ಚಿ ಪಾತ್ರೆಗಳನ್ನು ಕಪಾಟಿಗೆ ಇಟ್ಟೆ. ಯಾವುದು ಎಲ್ಲಿತ್ತು ಎಂದು ಗೊತ್ತಿರಲಿಲ್ಲ, ಕೇಳಲು ಧೈರ್ಯವಾಗಲಿಲ್ಲ. ಆಮೇಲೆ ಕೆಳಗೆ ಹೋಗಿ ನೀರು ತಂದೆ. ಮೂರು ಮಹಡಿ ನಿಜಕ್ಕೂ ಜಾಸ್ತಿಯೇ.

ಜುಲೈ 18, ಶುಕ್ರವಾರ

ಇವಳು ಮಾತಾಡುತ್ತಿಲ್ಲ. ಅತ್ತೆ ಹೇಳಿ ಕಳಿಸಿದ್ದಾರೆ, ಭಾನುವಾರ ಊಟಕ್ಕೆ ಬರುವುದು ಬೇಡವಂತೆ. ಬೆಳಿಗ್ಗೆ ಎರಡು ಸಲ ನೀರು ತಂದೆ.

ಜುಲೈ 22, ಮಂಗಳವಾರ

ಹುಲ್ಲುಹಾಸನ್ನು ಪೂರ್ತಿ ಎತ್ತಿ, ಮಣ್ಣನ್ನು ಮೊಣಕೈ ಆಳಕ್ಕೆ ಅಗೆದು ಜರಡಿ ಹಿಡಿಯಬೇಕು. ಬೇರೆ ದಾರಿಯಿಲ್ಲ. ನನ್ನ ತಂಡದವರೂ ಅವನ ಆಳುಗಳೂ ಸಾಲಾಗಿ ಕೂತು ಗಡ್ಡೆ ಆರಿಸುತ್ತಿದ್ದೇವೆ. ಷಡ್ಡಕ ನನ್ನ ಪಕ್ಕದ ಸಾಲಿನಲ್ಲಿ. ಇಷ್ಟು ದಿನದಲ್ಲಿ ಒಂದು ಮಾತಿಲ್ಲ. ಬುಟ್ಟಿ ಬೇಕಾದರೆ ಗೊಣಗಮ್ಮನ ಮೂಲಕ ಕೇಳಿಸುತ್ತಾನೆ.

ಇವತ್ತು ಊಟಕ್ಕೆ ಎಲ್ಲರೂ ಎದ್ದು ಹೋದರು. ಅವನು ಏಳಲಿಲ್ಲ. ನಾನೂ ಏಳಲಿಲ್ಲ.

"ಬೈಯೋದಿದ್ರೆ ಬೈದುಬಿಡು" ಎಂದೆ.

ಅವನು ಜರಡಿ ಕೆಳಗಿಟ್ಟ.

"ಆ ಮನೆ ನಂಗೆ ಬೇಡ ಅಂತ ಹೇಳೋಣ ಅಂತಿದ್ದೆ" ಎಂದ. "ಸುಣ್ಣ ಬಳಿಯೋಕೆ ಶುರು ಮಾಡಿದ್ರಲ್ಲ, ಆವತ್ತೇ ಇವ್ಳ ಹತ್ರ ಮಾತಾಡಿದ್ದೆ. ಅಕ್ಕ ಮೆಟ್ಲು ಹತ್ತೋದು ನಾವು ನೋಡಿಲ್ವಾ? ನೀವು ಒಂದ್ ಮಾತು ಕೇಳ್ಬಹುದಿತ್ತು. ಬೇಕು ಕಣಯ್ಯ, ನಂಗೆ ಬಿಟ್ಕೊಡು ಅಂದಿದ್ರೆ ಆಗ್ತಿತ್ತು. ಅಷ್ಟೇ ಸಾಕಿತ್ತು."

"ಈಗ..." ಎಂದೆ.

"ಈಗ ಕೊಡಲ್ಲ" ಎಂದ. ಕಣ್ಣೊರೆಸಿಕೊಂಡು ಜರಡಿ ಎತ್ತಿಕೊಂಡ.

ಅವನನ್ನು ಕೇಳಬಹುದಿತ್ತು. ಇಷ್ಟು ದಿನ ಅವನ ತಟ್ಟೆ, ಅವನ ನಗು, ಅವನ ಫೋಟೋ, ಎಲ್ಲವನ್ನೂ ನೋಡಿದೆ. ಕೇಳಬಹುದು ಎಂಬುದು ಒಮ್ಮೆಯೂ ಹೊಳೆಯಲಿಲ್ಲ. ಇದನ್ನು ಇವಳಿಗೆ ಹೇಳಬೇಕೋ ಬೇಡವೋ ಗೊತ್ತಾಗುತ್ತಿಲ್ಲ. ಹೇಳಬೇಕು.

ಜುಲೈ 25, ಶುಕ್ರವಾರ

ಕಾರಂಜಿಯ ಕಡೆಯ ಅರ್ಧ ಮುಗಿಯಿತು. ಷಡ್ಡಕ ಅಂದದ್ದನ್ನು ಹೇಳಿದ್ದಕ್ಕೆ ಇವಳು "ನನ್ ಹತ್ರನಾದ್ರೂ ಕೇಳ್ಬಹುದಿತ್ತು" ಎಂದಳು. ಮಾತಾಡಿದಳು, ಅಷ್ಟಾಯಿತು. ಭಾನುವಾರ ಗಿರಣಿಯ ಹಿಂದೆ ಬಾಡಿಗೆಗಿರುವ ಒಂದು ನೆಲಮಟ್ಟದ ಕೋಣೆ ನೋಡಿ ಬರಬೇಕು, ಅವಳನ್ನೂ ಕರೆದುಕೊಂಡು.

ನಮ್ಮ ಹೆಂಗಸರು ಮಣ್ಣನ್ನು ಒಡೆಯುವಾಗ ಗಡ್ಡೆಗಳನ್ನು ತುಂಡು ಮಾಡುತ್ತಿದ್ದರು, ತುಂಡೊಂದೊಂದೂ ಮತ್ತೆ ಮೊಳೆಯುತ್ತದೆ. ನಾನೂ ಹಾಗೇ ಮಾಡುತ್ತಿದ್ದೆ ಅನ್ನಿ. ಷಡ್ಡಕ ಮಾತ್ರ ಹೆಂಟೆಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಸಡಿಲಿಸುತ್ತಾನೆ, ಸರಪಳಿ ಹಾಗೇ ಇಡಿಯಾಗಿ ಬರುತ್ತದೆ. ಗೊಣಗಮ್ಮನನ್ನೂ ಉಳಿದವರನ್ನೂ ಕರೆದು, "ಅವನು ಹೇಗೆ ತೆಗೀತಾನೆ ನೋಡಿ, ಹಾಗೆ ತೆಗೀಬೇಕು, ನಂಗಿಂತ ಚೆನ್ನಾಗಿ ತೆಗೀತಾನೆ" ಎಂದೆ. ಎಲ್ಲರೂ ಕೈ ನಿಲ್ಲಿಸಿ ನನ್ನ ಮುಖವನ್ನೇ ನೋಡಿದರು. ಕೆಲಸ ಬಿಟ್ಟು ಏನು ನೋಡ್ತೀರಿ ಎಂದು ಗದರಿದೆ. ನಾಳೆ ಇನ್ನೂ ಎರಡು ಜರಡಿ ತರಿಸಬೇಕು.